ಮೂರನೇ ‘ನಮ್ಮನೆ’

“ಕೆಂಪಾಯ್ತಾ?” ಹಿಂದಿನ ಕೋಣೆಯಿಂದ ಪತ್ತೇದಾರಿಣಿ ಕೇಳಿದರು.

“ಇಲ್ಲ.”

“ಇನ್ನೂ ಸ್ವಲ್ಪ ಹೊತ್ತು ನೋಡಿ.”

ಹಿರಿಯ ಸೊಸೆ ನೋಡುತ್ತ ನಿಂತಳು. ಅತ್ತೆಯ ಖಾಲಿ ಮಂಚದ ಎದುರು, ಬಾಗಿಲ ಮೇಲ್ಗಡೆ, ಅಂಗೈಯಷ್ಟಿದ್ದ ಬಿಳಿ ಕ್ಯಾಮೆರಾ. ಅದರ ಹೊಟ್ಟೆಯಲ್ಲಿ ಸಾಸಿವೆಯಷ್ಟು ಸಣ್ಣ ದೀಪ. ಇಂಟರ್‌ನೆಟ್ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಅದು ಹಸಿರಾಗಿಯೇ ಇತ್ತು, ಏನೂ ಆಗಿಲ್ಲವೆಂಬಂತೆ.

ಪತ್ತೇದಾರಿಣಿ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ಕೆಳಮನೆಯ ರೂಟರ್ ಇತ್ತು. ಕಿತ್ತ ತಂತಿಗಳು ಜೋತಾಡುತ್ತಿದ್ದವು. ಅವರು ಅದನ್ನೊಮ್ಮೆ, ದೀಪವನ್ನೊಮ್ಮೆ ನೋಡಿದರು.

“ಟೀಚರ್, ನಿಮ್ಮ ನೆಟ್ ನನ್ನ ಕೈಯಲ್ಲಿದೆ. ಹಾಗಾದ್ರೆ ಇದು ಯಾರ ನೆಟ್ಟಿನಲ್ಲಿ ಉಸಿರಾಡ್ತಾ ಇದೆ?”

ಅತ್ತೆ ಮಂಚದ ಪಕ್ಕದಲ್ಲಿ ಬಿದ್ದು, ತಲೆಗೆ ಏಟಾಗಿ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿ ವಾರ ಕಳೆದಿತ್ತು. ಆಧಾರಕ್ಕೆ ಹಿಡಿದು ನಡೆಯುತ್ತಿದ್ದ ವಾಕರ್ ಮಡಚಿಕೊಂಡು ಬೀರುವಿನ ಹಿಂದೆ ಸೇರಿತ್ತು. ವಾಕರ್ ತಾನಾಗಿ ಮಡಚಿಕೊಳ್ಳುವುದಿಲ್ಲ. ಆ ಹೊತ್ತಿಗೇ ಕ್ಯಾಮೆರಾ ಕುರುಡಾಗಿತ್ತು. ಮನೆಯಲ್ಲಿದ್ದವಳು ಹಿರಿಯ ಸೊಸೆ ಒಬ್ಬಳೇ.

ನೆಟ್ ಕೆಟ್ಟಿತ್ತು ಎಂದು ಅವಳು ಹೇಳಬಹುದಿತ್ತು. ಆ ಮನೆಯ ನೆಟ್ಟಿನ ಗುಣ ಎಲ್ಲರಿಗೂ ಗೊತ್ತಿತ್ತು. ಆದರೆ ಅವಳು ಲೆಕ್ಕದ ಟೀಚರ್; ಹಿಂದಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಆ ಮಧ್ಯಾಹ್ನ ಭಿನ್ನರಾಶಿಯ ಪಾಠ ಒಂದು ಕ್ಷಣವೂ ತುಂಡಾಗದೆ ನಡೆದಿತ್ತು. ಮೈದುನ ಹಿಡಿದದ್ದು ಅದನ್ನೇ. ನೆಟ್ ಹೋಗಿದ್ದರೆ ಅತ್ತಿಗೆಯ ಪಾಠವೂ ಹೋಗಬೇಕಿತ್ತು. ಪಾಠ ನಡೆಯಿತು, ಕ್ಯಾಮೆರಾ ಮಾತ್ರ ಹೋಯಿತು. ಮಕ್ಕಳಿಗೆ ಲೆಕ್ಕ ಕೊಟ್ಟು ಎದ್ದು ಹೋಗಿ, ಕ್ಯಾಮೆರಾದ ಪ್ಲಗ್ಗು ಕೀಳುವುದು ಎಷ್ಟು ಹೊತ್ತಿನ ಕೆಲಸ?

ಲೆಕ್ಕದ ಟೀಚರಿಗೇ ಆ ಲೆಕ್ಕದಲ್ಲಿ ತಪ್ಪು ಸಿಕ್ಕಿರಲಿಲ್ಲ.

ಇವತ್ತು ಸಂಜೆ ಮೈದುನ ಪೊಲೀಸ್ ಠಾಣೆಗೆ ಹೋಗುವವನಿದ್ದ, ಅವಳ ಹೆಸರು ಹಿಡಿದು ದೂರು ಕೊಡಲು. ಇಷ್ಟು ದಿನ ಅವನನ್ನು ತಡೆದಿದ್ದು ಗಂಡ. “ಅವಳು ಅಂಥವಳಲ್ಲ ಕಣೋ” ಎಂದು ಎಲ್ಲರೆದುರಿಗೆ ಒಂದು ಸಲ ಹೇಳಿದ್ದ. ಆ ಒಂದು ಮಾತನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡವಳಂತೆ ವಾರವೆಲ್ಲ ಓಡಾಡಿದ್ದಳು. ಪತ್ತೇದಾರಿಣಿಯನ್ನು ಕರೆಸುತ್ತೇನೆ ಎಂದಾಗಲೂ ಅವನು ಬೇಡವೆನ್ನಲಿಲ್ಲ. ನಿನ್ನ ಸಮಾಧಾನಕ್ಕೆ ಕರೆಸು ಎಂದಿದ್ದ.

ಪತ್ತೇದಾರಿಣಿ ಮೊದಲು ಟೆಲಿಫೋನ್ ಕಚೇರಿಯಲ್ಲಿ ದೂರು ಕೇಳುವ ವಿಭಾಗದಲ್ಲಿದ್ದವರು. ಫೋನ್ ಸತ್ತಿದೆ ಎಂದು ಬೈಯುವವರ ಮನೆಗಳಲ್ಲಿ ಫೋನಿಗಿಂತ ಮೊದಲು ಬೇರೇನು ಸತ್ತಿದೆ ಎಂಬುದು ಅಲ್ಲಿ ಕೂತೇ ಗೊತ್ತಾಗುತ್ತಿತ್ತಂತೆ. ನಗು ಅಪರೂಪ. ಮಾತಿಗೆ ಮುಂಚೆ ಒಂದು ಉಸಿರು ಕಾಯುವ ಅಭ್ಯಾಸ.

“ಮೇಲೆ ಯಾರಿದ್ದಾರೆ?”

“ಮೈದುನನ ಸಂಸಾರ. ಅವರಿಗೆ ಬೇರೆ ಕನೆಕ್ಷನ್ ಇದೆ.”

“ಅದಕ್ಕೆ ಏನು ಹೆಸರು?”

ಅವಳು ಉತ್ತರ ಹೇಳಲು ಬಾಯಿ ತೆರೆದಳು. ಎಷ್ಟೋ ಸಲ ಕಣ್ಣೆದುರೇ ಇದ್ದದ್ದು ಈಗ ಮೊದಲ ಸಲ ಕಂಡಂತಾಯಿತು.

“‘ನಮ್ಮನೆ’ ಅಂತ,” ಎಂದಳು. “ನಮ್ಮದೂ ‘ನಮ್ಮನೆ’ನೇ. ಪಾಸ್‌ವರ್ಡೂ ಒಂದೇ.”

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ವರ್ಷ ಅತ್ತೆ ಒಂದು ಮಾತೂ ಆಡಿರಲಿಲ್ಲ. ಒಲೆ ಎರಡಾಯಿತು, ಕರೆಂಟಿನ ಮೀಟರು ಎರಡಾಯಿತು, ಮೆಟ್ಟಿಲಿಗೂ ಒಂದು ಬಾಗಿಲು ಬಂತು. ಕೊನೆಗೆ ನೆಟ್ ಹಾಕುವವನು ಬಂದು, ಮೇಲಿನದಕ್ಕೆ ಏನು ಹೆಸರಿಡಲಿ ಎಂದು ಕೇಳಿದಾಗ ಮಾತ್ರ ಅತ್ತೆ ಮಂಚದಿಂದಲೇ ದನಿ ತೆಗೆದರು. ಉಳಿದಿದ್ದೆಲ್ಲ ಎರಡು ಮಾಡಿಕೊಂಡಿದ್ದೀರಿ, ಇದರ ಹೆಸರಾದರೂ ಒಂದೇ ಇರಲಿ. ನಾನು ಯಾರ ಪಾಲಿಗೆ ಸೇರಿದವಳು ಅಂತ ನನ್ನ ಟ್ಯಾಬಿಗೆ ತಿಳಿಯೋದು ಬೇಡ ಅಂದರು. ಗಂಡುಮಕ್ಕಳಿಬ್ಬರೂ ತಲೆ ತಗ್ಗಿಸಿದ್ದರು. ಅಷ್ಟು ಸಣ್ಣ ಆಸೆಗೆ ಇಲ್ಲ ಅನ್ನುವುದು ಹೇಗೆ?

ಪತ್ತೇದಾರಿಣಿ ತಲೆಯೆತ್ತಿ ಸೀಲಿಂಗನ್ನು ನೋಡಿದರು. ಮೇಲಿನ ರೂಟರ್ ಎಲ್ಲಿದೆ ಎಂದು ಕೇಳಿದರು. ಸರಿಯಾಗಿ ಇದೇ ಕೋಣೆಯ ನೆತ್ತಿಯ ಮೇಲೆ, ಓರಗಿತ್ತಿಯ ಹಾಲಿನಲ್ಲಿತ್ತು. ಕೆಳಮನೆಯದು ಎರಡು ಗೋಡೆಗಳಾಚೆ. ನಡುವೆ ಪಾಲಿನ ವರ್ಷ ತಂದು ನಿಲ್ಲಿಸಿದ ಉಕ್ಕಿನ ದೊಡ್ಡ ಬೀರು.

“ಈ ಕ್ಯಾಮೆರಾ ಯಾವತ್ತೂ ನಿಮ್ಮ ನೆಟ್ಟಿನದ್ದಾಗಿರಲಿಲ್ಲ ಟೀಚರ್. ಹೆಸರು ಕರೆದವರ ಹಿಂದೆ ಹೋಗೋ ಜಾತಿ ಇದು. ಹತ್ತಿರದಲ್ಲಿ ಯಾರು ಗಟ್ಟಿಯಾಗಿ ಕರೀತಾರೋ ಅವರ ಹಿಂದೆ ಹೋಗುತ್ತೆ.”

ಅವಳಿಗೆ ತಕ್ಷಣ ಸಂತೋಷವಾಗಲಿಲ್ಲ. ಕಳೆದ ತಿಂಗಳುಗಳೆಲ್ಲ ಕಣ್ಣೆದುರು ಬಂದವು. ಕ್ಯಾಮೆರಾ ಹೋದಾಗಲೆಲ್ಲ ಅವಳು ಹಿಂದಿನ ಕೋಣೆಗೆ ಓಡಿ ರೂಟರ್ ಆಫ್ ಮಾಡಿ ಆನ್ ಮಾಡಿದ್ದಳು. ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಯ ಮೇಲಕ್ಕೆ ಅದನ್ನು ಬೆಕ್ಕು ಮರಿ ಹೊತ್ತಂತೆ ಹೊತ್ತು ತಿರುಗಿದ್ದಳು. ಕಂಪನಿಯವನು ಬಂದು ತಂತಿ ಬದಲಿಸಿದ್ದ, ಇನ್ನೊಬ್ಬ ಬಂದು ಹಳೆಯ ತಂತಿಯೇ ಚೆನ್ನಾಗಿತ್ತು ಅಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ. ಪ್ರತಿ ಸಲವೂ ಮೈದುನ ಫೋನಿನಲ್ಲಿ, ಏನತ್ತಿಗೆ, ಮತ್ತೆ ಅಮ್ಮ ಕಾಣಿಸ್ತಾ ಇಲ್ಲವಲ್ಲ ಎಂದು ಕೇಳುವಾಗ ಅವನ ದನಿಯಲ್ಲಿ ಹರಳಿನಂತೆ ಒಂದು ಅನುಮಾನ ಕೂರುತ್ತ ಬಂದಿತ್ತು. ಅದು ಕೂತಿದ್ದು ಇವಳಿಗೆ ಗೊತ್ತಿತ್ತು. ತೆಗೆಯುವ ದಾರಿ ಗೊತ್ತಿರಲಿಲ್ಲ.

“ಹಾಗಾದ್ರೆ ಮೇಲೆ ಹೋಗೋಣ,” ಎಂದಳು. ತನ್ನ ದನಿ ಗಟ್ಟಿಯಾಗಿದ್ದು ಅವಳಿಗೇ ಆಶ್ಚರ್ಯವಾಯಿತು.

* * *

ಓರಗಿತ್ತಿ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು. ವಾರದಿಂದ ಇಬ್ಬರೂ ಮುಖ ನೋಡಿ ಮಾತಾಡಿರಲಿಲ್ಲ. ಅವಳು ದಿಂಬಿನ ಚೀಲವೊಂದನ್ನು ಎದೆಗವುಚಿಕೊಂಡು ಎದ್ದು ನಿಂತಳು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ.

ಪತ್ತೇದಾರಿಣಿ ಸುತ್ತಿ ಬಳಸಿ ಮಾತಾಡಲಿಲ್ಲ. ಓರಗಿತ್ತಿಯ ಫೋನನ್ನು ಮನೆಯ ನೆಟ್ಟಿನಿಂದ ಬಿಡಿಸಿ, ಸಿಮ್ಮಿನ ಡೇಟಾದಲ್ಲೇ ಕ್ಯಾಮೆರಾದ ಚಿತ್ರ ತೆರೆಯಲು ಹೇಳಿದರು. ಆ ಮನೆಯವರೆಲ್ಲರ ಫೋನಿನಲ್ಲೂ ಅದು ಕಾಣುತ್ತಿತ್ತು. ಅತ್ತೆಯನ್ನು ನೋಡಿಕೊಳ್ಳುವ ಕೆಲಸ ಒಬ್ಬಳದು, ನೋಡುವ ಕೆಲಸ ಎಲ್ಲರದು. ಖಾಲಿ ಮಂಚ ಮೂಡಿತು. ಪತ್ತೇದಾರಿಣಿ ಟಿವಿಯ ಪಕ್ಕದ ರೂಟರಿನ ಸ್ವಿಚ್ಚು ಒತ್ತಿದರು. ಮಂಚ ಹಾಗೇ ಹೆಪ್ಪುಗಟ್ಟಿತು. ಅದರ ಮೇಲೆ ಸಣ್ಣ ಚಕ್ರವೊಂದು ಸುತ್ತತೊಡಗಿತು. ಆಮೇಲೆ ಕತ್ತಲು.

ಓರಗಿತ್ತಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದಡ್ಡಿಯಲ್ಲ ಅವಳು.

“ಅಂದ್ರೆ ಇಷ್ಟು ದಿನ ಕ್ಯಾಮೆರಾ ಹೋಗ್ತಾ ಇದ್ದಿದ್ದು ನಮ್ಮಿಂದ?”

“ನೀವು ಹೊರಗೆ ಹೋಗುವಾಗ ಏನು ಮಾಡ್ತೀರಿ?”

“ಮೇನ್ ಸ್ವಿಚ್ ಆಫ್ ಮಾಡ್ತೀನಿ.” ಅವಳು ಗೋಡೆಯ ಕಡೆ ಕೈ ತೋರಿಸಿದಳು. “ಒಂದ್ಸಲ ತಂತಿ ಸುಟ್ಟು ಹೊಗೆ ಬಂದಿತ್ತು. ಅವತ್ತಿಂದ ಭಯ. ಮನೆ ಬಿಟ್ಟರೆ ಮೇನ್ ಇಳಿಸಿಯೇ ಹೋಗೋದು.”

ಹಿರಿಯ ಸೊಸೆಗೆ ನೆನಪಾಯಿತು: ಕ್ಯಾಮೆರಾ ಕೈಕೊಟ್ಟ ಮಧ್ಯಾಹ್ನಗಳಲ್ಲಿ ಮೆಟ್ಟಿಲ ಬಾಗಿಲಿನ ಚಿಲಕದ ಸದ್ದು, ಇಳಿದು ಹೋಗುವ ಚಪ್ಪಲಿಯ ಸದ್ದು. ಎರಡನ್ನೂ ಕಿವಿ ಕೇಳಿತ್ತು, ಮನಸ್ಸು ಕೂಡಿಸಿರಲಿಲ್ಲ.

“ಅವತ್ತು ನೀವು ಎಲ್ಲಿದ್ರಿ?” ಪತ್ತೇದಾರಿಣಿ ಕೇಳಿದರು.

“ನನ್ನ ಮೇಲೆ ಹಾಕೋಕೆ ಕರ್ಕೊಂಡು ಬಂದ್ರಾ ಅಕ್ಕ ಇವರನ್ನ?” ಓರಗಿತ್ತಿ ಪತ್ತೇದಾರಿಣಿಯನ್ನು ದಾಟಿ ನೇರವಾಗಿ ಇವಳನ್ನು ನೋಡಿದಳು. “ನಿಮ್ಮ ಕುತ್ತಿಗೆಗೆ ಬಂದಿದ್ದು ನನ್ನ ಕುತ್ತಿಗೆಗೆ ಹೋಗಲಿ ಅಂತಾನಾ?”

“ನಿನ್ನ ಗಂಡ ನನ್ನ ಕುತ್ತಿಗೆಗೆ ಹಾಕುವಾಗ ನೀನು ಬಟ್ಟೆ ಮಡಚ್ತಾ ಇದ್ದೆ,” ಎಂದಳು ಇವಳು.

ಪತ್ತೇದಾರಿಣಿ ಇಬ್ಬರನ್ನೂ ತಡೆಯಲಿಲ್ಲ. ಜಗಳದಲ್ಲಿ ಸುಳ್ಳು ಹೇಳುವುದು ಕಷ್ಟ ಎಂದು ನಂಬಿದವರ ಹಾಗೆ ಕೈಕಟ್ಟಿ ನಿಂತಿದ್ದರು.

ಓರಗಿತ್ತಿಯೇ ಸೋತು ಕೂತಳು. ಅವತ್ತು ತಾನೂ ಗಂಡನೂ ಬೆಳಿಗ್ಗೆಯೇ ತವರಿಗೆ ಹೊರಟಿದ್ದು, ಮೇನ್ ಇಳಿಸಿ ಬೀಗ ಹಾಕಿದ್ದು, ಸುದ್ದಿ ತಿಳಿದು ಅಲ್ಲಿಂದ ನೇರ ಆಸ್ಪತ್ರೆಗೆ ಓಡಿದ್ದು, ತಾನು ಮನೆಗೆ ಬಂದದ್ದು ಮಾರನೇ ದಿನ, ಎಲ್ಲವನ್ನೂ ಹೇಳಿದಳು. ಬಂದಾಗ ಫ್ರಿಜ್ಜಿನ ಮಂಜೆಲ್ಲ ಕರಗಿ ಅಡುಗೆಮನೆ ತುಂಬ ನೀರು ನಿಂತಿತ್ತು. “ಬೇಕಾದ್ರೆ ಅಕ್ಕನನ್ನೇ ಕೇಳಿ. ನೀರು ಮೆಟ್ಟಿಲಿಗೆ ಇಳಿದಿದ್ದು ನೋಡಿ, ಒರೆಸೋ ಬಟ್ಟೆ ತಂದುಕೊಟ್ಟಿದ್ದು ಅಕ್ಕನೇ.”

ಪತ್ತೇದಾರಿಣಿ ತಿರುಗಿದರು. “ನಿಜಾನಾ ಟೀಚರ್?”

ಒಂದು ಮಾತು ಸಾಕಿತ್ತು. ನೆನಪಿಲ್ಲ ಅಂದರೆ ಸಾಕಿತ್ತು. ಆಸ್ಪತ್ರೆ, ಗಾಬರಿ, ನಿದ್ದೆಗೆಟ್ಟ ಕಣ್ಣು. ಅಂಥ ದಿನದಲ್ಲಿ ಒರೆಸುವ ಬಟ್ಟೆ ಯಾರಿಗೆ ನೆನಪಿರುತ್ತದೆ? ಸಂಜೆ ಠಾಣೆಯಲ್ಲಿ ಬರೆಯುವ ಹೆಸರು ಒಂದರ ಬದಲು ಎರಡಾಗುತ್ತದೆ, ಅನುಮಾನ ಅರ್ಧ ಹಗುರಾಗುತ್ತದೆ. ಓರಗಿತ್ತಿ ದಿಂಬಿನ ಚೀಲದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳ ಉಗುರಿನ ಬಣ್ಣ ಅರ್ಧ ಕಿತ್ತುಹೋಗಿತ್ತು. ಅವಳೂ ಈ ವಾರ ಮಲಗಿಲ್ಲ ಎಂಬುದು ಕಣ್ಣಿನ ಕೆಳಗೆ ಕಾಣುತ್ತಿತ್ತು.

“ನಿಜ,” ಎಂದಳು ಹಿರಿಯ ಸೊಸೆ. “ಕರೆಂಟ್ ಇರಲಿಲ್ಲ ಮೇಲೆ. ನಾನೇ ನೋಡಿದ್ದೀನಿ.”

ಓರಗಿತ್ತಿ ತಲೆ ತಗ್ಗಿಸಿದಳು. ಆಮೇಲೆ ಎದ್ದು, ಪತ್ತೇದಾರಿಣಿಗೊಂದು, ಅಕ್ಕನಿಗೊಂದು ಕುರ್ಚಿ ಎಳೆದು ಹಾಕಿದಳು.

ಪತ್ತೇದಾರಿಣಿ ಕೂರಲಿಲ್ಲ. ಕೆಳಗಿನ ರೂಟರಿಗೆ ಮತ್ತೆ ಜೀವ ಕೊಟ್ಟು ಬರುವಂತೆ ಹೇಳಿದರು. ಹಿರಿಯ ಸೊಸೆ ಹೋಗಿ ತಂತಿಗಳನ್ನು ಸಿಕ್ಕಿಸಿ, ಅದರ ದೀಪಗಳೆಲ್ಲ ಹೊತ್ತಿಕೊಂಡಿದ್ದನ್ನು ನೋಡಿ ಬಂದಳು. ಮೇಲಿನದು ಆಫ್, ಕೆಳಗಿನದು ಆನ್. ಅವತ್ತು ಇದ್ದದ್ದು ಹೀಗೆಯೇ. ಮೂವರೂ ಫೋನಿನ ಮೇಲೆ ಬಾಗಿ ಕಾದರು. ಚಕ್ರ ಸುತ್ತಿತು, ಸುತ್ತಿತು. ಚಿತ್ರ ಬರಲಿಲ್ಲ. ಬೀರು ದಾಟಿ ಆ ಮೂಲೆಗೆ ಹೋಗುವ ಶಕ್ತಿ ಕೆಳಮನೆಯ ನೆಟ್ಟಿಗೆ ಇರಲಿಲ್ಲ.

“ಅಂದ್ರೆ ಅವತ್ತು ಬೆಳಿಗ್ಗೆಯಿಂದ ರಾತ್ರಿವರೆಗೆ ಕ್ಯಾಮೆರಾ ಸತ್ತೇ ಇರಬೇಕಿತ್ತು,” ಎಂದರು ಪತ್ತೇದಾರಿಣಿ. “ಆದ್ರೆ ಇರಲಿಲ್ಲ. ಅವತ್ತಿನ ರೆಕಾರ್ಡಿಂಗ್ ತೆಗೀರಿ.”

ಆ ತುಣುಕನ್ನು ಮನೆಯವರೆಲ್ಲ ಎಷ್ಟೋ ಸಲ ನೋಡಿದ್ದರು. ನೋಡಿದ್ದು ಅದರ ಕೊನೆಯನ್ನು, ಕತ್ತಲಾಗುವ ಗಳಿಗೆಯನ್ನು. ಅದು ಶುರುವಾದದ್ದು ಹೇಗೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಬೆಳಗಿನಿಂದ ಏನೂ ಇಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಚಿತ್ರ ಹುಟ್ಟಿಕೊಂಡಿತ್ತು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ವಾಕರ್ ಮಂಚದ ಪಕ್ಕದಲ್ಲೇ ಇದೆ, ಕಾಲು ಬಿಡಿಸಿಕೊಂಡು. ಸ್ವಲ್ಪ ಹೊತ್ತಿನ ಮೇಲೆ ಅವರು ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾರೆ. ಬಾಗಿಲು ಕ್ಯಾಮೆರಾದ ಕೆಳಗೇ ಇರುವುದರಿಂದ ಅಲ್ಲಿರುವವರು ಕಾಣುವುದಿಲ್ಲ. ಅತ್ತೆ ನಿಧಾನವಾಗಿ, ನೋವಿನ ಕಾಲನ್ನು ಕೈಯಿಂದ ಎತ್ತಿ, ಒಳಗೆ ಸರಿಸಿಕೊಳ್ಳುತ್ತಾರೆ. ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಗುತ್ತದೆ.

ಆಮೇಲೆ ಕತ್ತಲು.

“ಟೀಚರ್, ನೀವು ಕೋಣೆಗೆ ಹೋದ್ರೆ ಅತ್ತೆ ಕಾಲು ಸರಿಸಿಕೊಳ್ತಾರಾ?”

ಅವಳಿಗೆ ನಗು ಬಂದಂತಾಗಿ, ಬರಲಿಲ್ಲ. “ಚಾಚಿಕೊಳ್ತಾರೆ. ಒತ್ತು ಅಂತ.”

“ನೀವು ಹೋದ್ರೆ?”

“ನಾನು ಹೋದ್ರೆ ನಿದ್ದೆ ಬಂದವರ ಹಾಗೆ ಮಾಡ್ತಾರೆ,” ಎಂದಳು ಓರಗಿತ್ತಿ.

ಹಿರಿಯ ಸೊಸೆ ಎಷ್ಟು ವರ್ಷ ಆ ಕಾಲುಗಳನ್ನು ಒತ್ತಿದ್ದಳು. ಪ್ರೀತಿಯಿಂದ ಎಂದು ಹೇಳಿಕೊಂಡಿರಲಿಲ್ಲ, ಅತ್ತೆಯೂ ಹಾಗೆಂದುಕೊಂಡಿರಲಿಲ್ಲ. ಆದರೂ ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಸೊಸೆಗೆ ಕೆಲಸ, ಅತ್ತೆಗೆ ಗೊಣಗಾಟ; ಯಾರೂ ಇನ್ನೊಬ್ಬರ ಪಾಲಿಗೆ ಕೈ ಹಾಕುವಂತಿಲ್ಲ. ಆ ಒಪ್ಪಂದದಲ್ಲಿ ಜಾಗ ಮಾಡಿಕೊಡುವುದು ಬರುತ್ತಿರಲಿಲ್ಲ. ಫೋನಿನ ಸಣ್ಣ ಚೌಕದಲ್ಲಿ ಕಂಡ ಆ ಸರಿದ ಕಾಲು ಅವಳ ಎದೆಯನ್ನು ಎಲ್ಲೋ ಒತ್ತಿತು. ಆ ಜಾಗ ಯಾರದು ಎಂದು ಕೇಳಿಕೊಳ್ಳುವುದಕ್ಕೆ ಅವಳಿಗೆ ಧೈರ್ಯವಾಗಲಿಲ್ಲ. ಮನೆಯಲ್ಲಿ ಅದರಲ್ಲಿ ಕೂರುವವರು ಇಬ್ಬರೇ. ಒಬ್ಬ ಅವತ್ತು ಹೆಂಡತಿಯ ತವರಿನಲ್ಲಿದ್ದ. ಇನ್ನೊಬ್ಬ ಆಫೀಸಿನಲ್ಲಿದ್ದ. ಆಫೀಸಿನಲ್ಲಿದ್ದೆ ಎಂದು ಹೇಳಿದ್ದ.

“ಯಾರೋ ಬಂದರು,” ಪತ್ತೇದಾರಿಣಿ ಒಂದೊಂದೇ ಮಾತನ್ನು ತೂಗಿ ಹೇಳಿದರು. “ಅವರು ಬರೋವಾಗ ನೆಟ್ ಕೂಡ ಜೊತೆಗೆ ಬಂತು. ಈಗಿನ ಯಾವ ಫೋನಾದರೂ ಹಾಟ್‌ಸ್ಪಾಟ್ ಹಾಕಿದ್ರೆ ಸುತ್ತಲಿನವರಿಗೆ ನೆಟ್ ಹಂಚುತ್ತೆ. ಅದಕ್ಕೆ ಬೇಕಾದ ಹೆಸರಿಡಬಹುದು. ನಿಮ್ಮತ್ತೆಯ ಟ್ಯಾಬ್ ಹೊರಗೂ ಓಡಲಿ ಅಂತಲೋ ಏನೋ, ಒಬ್ಬರು ಅದಕ್ಕೆ ‘ನಮ್ಮನೆ’ ಅಂತಲೇ ಹೆಸರಿಟ್ಟು, ಮನೆಯ ಪಾಸ್‌ವರ್ಡನ್ನೇ ಇಟ್ಟಿದ್ದಾರೆ. ಕ್ಯಾಮೆರಾ ಕಣ್ಣು ಬಿಟ್ಟಿದ್ದು ಆ ಫೋನ್ ಕರೆದಾಗ. ಕಣ್ಣು ಮುಚ್ಚಿದ್ದು ಅದನ್ನ ಆಫ್ ಮಾಡಿದಾಗ. ಮೇಲಿಂದೊಂದು, ಕೆಳಗಿಂದೊಂದು, ಇದು ಮೂರನೆಯದು. ಯಾರ ಫೋನದು?”

ಓರಗಿತ್ತಿ ತನ್ನ ಫೋನನ್ನು ತಾನೇ ಮುಂದೆ ಚಾಚಿದಳು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಹಿರಿಯ ಸೊಸೆಯದನ್ನೂ ನೋಡಿದ್ದಾಯಿತು. ಅದರಲ್ಲೂ ಇರಲಿಲ್ಲ.

* * *

ಮೂವರೂ ಕೆಳಗಿಳಿದು ಅತ್ತೆಯ ಕೋಣೆಗೆ ಬಂದರು. ಯಾಕೆಂದು ಕೇಳಿದ್ದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಓರಗಿತ್ತಿ ಮೇಲಿನ ರೂಟರನ್ನೇ ಬಿಚ್ಚಿ ತಂದಿದ್ದಳು, ಯಾರಾದರೂ ಮತ್ತೆ ಹಾಕಿಬಿಟ್ಟಾರು ಎಂಬಂತೆ. ಕ್ಯಾಮೆರಾದ ದೀಪ ಕೆಂಪಾಗಿತ್ತು. ಕಿಟಕಿಯಾಚೆ ಬೀದಿಯಲ್ಲಿ ಸಂಜೆಯ ಬಿಸಿಲು ಗೋಡೆ ಹತ್ತುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮೈದುನ ಕೆಲಸದಿಂದ ಬರುತ್ತಾನೆ, ಬಟ್ಟೆ ಬದಲಿಸದೆ ಠಾಣೆಗೆ ಹೊರಡುತ್ತಾನೆ.

ಅವನಿಗೆ ಇದೆಲ್ಲ ತಾನೇ ಹೇಳುತ್ತೇನೆ ಎಂದಳು ಓರಗಿತ್ತಿ. ಅಕ್ಕನ ಕೈ ಹಿಡಿಯಲಿಲ್ಲ, ಆದರೆ ಹತ್ತಿರ ನಿಂತಿದ್ದಳು. ಅಷ್ಟೇ ಹಿರಿಯ ಸೊಸೆಗೆ ದೊಡ್ಡದಾಗಿತ್ತು. ವಾರದ ಮೇಲೆ ಮೊದಲ ಸಲ ಅವಳು ಪೂರ್ತಿ ಉಸಿರು ಎಳೆದುಕೊಂಡಳು.

ಬೀದಿಯಲ್ಲಿ ಕಾರೊಂದು ನಿಂತ ಸದ್ದಾಯಿತು. ಬಾಗಿಲು ಹಾಕಿದ ಸದ್ದು. ಗೇಟಿನ ಚಿಲಕ.

ಪತ್ತೇದಾರಿಣಿ ಅವಳ ಮೊಣಕೈ ಮುಟ್ಟಿದರು. ಗದ್ದವನ್ನು ಸ್ವಲ್ಪ ಮೇಲೆತ್ತಿ ಕ್ಯಾಮೆರಾ ತೋರಿಸಿದರು.

ದೀಪ ಹಸಿರಾಗಿತ್ತು.

ಹೊಸಿಲಲ್ಲಿ ಚಪ್ಪಲಿ ಬಿಡುವ ಸದ್ದು ಅವಳಿಗೆ ಗೊತ್ತಿತ್ತು. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು ಗೋಡೆಗೆ ತಾಗುವುದು. ಮದುವೆಯಾದಾಗಿನಿಂದ ಆ ಸದ್ದಿಗೆ ಅವಳು ಒಲೆಯ ಉರಿ ಹೆಚ್ಚಿಸಿದ್ದಳು, ಟವೆಲ್ ತೆಗೆದಿಟ್ಟಿದ್ದಳು. ಈಗ ನಿಂತಲ್ಲೇ ನಿಂತಳು.

ಗಂಡ ಬಾಗಿಲಲ್ಲಿ ಕಾಣಿಸಿಕೊಂಡ. ಮುಖದಲ್ಲಿ ಬೆವರು, ಆಯಾಸ, ಅದರ ನಡುವೆ ಒಂದು ನಗು.

“ಅಮ್ಮ ಕಣ್ಣು ಬಿಟ್ಟಳು ಕಣೆ. ಈಗ ಆಸ್ಪತ್ರೆಯಿಂದ ಫೋನ್ ಬಂತು. ಏನೋ ಹೇಳಬೇಕು ಅಂತಿದ್ದಾಳಂತೆ, ನಿನ್ನನ್ನೇ ಕೇಳ್ತಿದ್ದಾಳಂತೆ. ಬಾ, ಹೋಗೋಣ.”

“ನಾವೂ ಬರ್ತೀವಿ ಭಾವ,” ಎಂದಳು ಓರಗಿತ್ತಿ.

“ಒಬ್ಬರನ್ನೇ ಬಿಡೋದಂತೆ.” ಅವನು ಓರಗಿತ್ತಿಯನ್ನು ನೋಡಿದ. ಆಗ ಅವಳ ಎದೆಗೆ ಆತುಕೊಂಡಿದ್ದ ರೂಟರ್ ಕಂಡಿತು; ತಂತಿಯಿಲ್ಲದ್ದು, ಸತ್ತದ್ದು. ಅಲ್ಲಿಂದ ಅವನ ಕಣ್ಣು ಪತ್ತೇದಾರಿಣಿಯ ಮುಖಕ್ಕೆ ಹೋಯಿತು. ಅವನು ಒಂದು ಹೆಜ್ಜೆ ಒಳಗಿಟ್ಟು, ತಲೆಯೆತ್ತಿ, ತಾನು ದಾಟಿ ಬಂದ ಬಾಗಿಲ ಮೇಲ್ಗಡೆಯನ್ನೊಮ್ಮೆ ನೋಡಿದ. ನಗು ಹಾಗೇ ಇತ್ತು. ಅದನ್ನು ಹಿಡಿದುಕೊಂಡಿದ್ದ ಮುಖ ಮಾತ್ರ ಬೇರೆಯಾಗಿತ್ತು.

ಅವಳು ಅಂಥವಳಲ್ಲ ಕಣೋ. ಎಲ್ಲರೆದುರಿಗೆ ಹೇಳಿದ್ದ. ಅದನ್ನು ಹೇಳುವಾಗ ಅವನಿಗೆ ಎಷ್ಟು ಖಚಿತವಾಗಿತ್ತು ಎಂದು ಅವಳು ಆಗ ಮೆಚ್ಚಿಕೊಂಡಿದ್ದಳು. ಅಷ್ಟು ಖಚಿತವಾಗಿ ಗೊತ್ತಿದ್ದದ್ದು ಹೇಗೆ ಎಂದು ಈಗ ಯೋಚನೆ ಬಂತು.

“ರೀ,” ಎಂದಳು. ದಿನವೂ ಕರೆಯುವ ದನಿಯಲ್ಲೇ. “ನಿಮ್ಮ ಫೋನ್ ಕೊಡಿ ಒಂದ್ನಿಮಿಷ.”

ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಕೇಳಿದ್ದೇ ಇಲ್ಲ. ಅವನು ಯಾಕೆ ಎನ್ನಲಿಲ್ಲ. ಅವಳ ಮುಖದಿಂದ ಕಣ್ಣು ಕೀಳದೆ ಜೇಬಿನಿಂದ ಫೋನ್ ತೆಗೆದ. ಕೊಡುವ ಮುನ್ನ ಅವನ ಹೆಬ್ಬೆರಳು ಗಾಜಿನ ಮೇಲೆ ಒಮ್ಮೆ ಕೆಳಗೆ ಜಾರಿತು, ಒಮ್ಮೆ ಒತ್ತಿತು. ಅಷ್ಟೇ.

“ತಗೋ.”

ಅವಳು ಅದನ್ನು ಅಂಗೈಯಲ್ಲಿ ತೆಗೆದುಕೊಂಡಳು. ಬಹಳ ಹೊತ್ತು ದುಡಿದ ಫೋನಿನ ಹಾಗೆ ಅದು ಬಿಸಿಯಾಗಿತ್ತು. ಅದರೊಳಗೆ ಏನಿದೆ ಎಂದು ಅವಳು ನೋಡಲಿಲ್ಲ. ಅವನ ತಲೆಯ ಮೇಲಿಂದ, ಬಾಗಿಲ ಮೇಲ್ಗಡೆ ನೋಡಿದಳು.

ದೀಪ ಕೆಂಪಾಗಿತ್ತು.

“ಹೊತ್ತಾಯ್ತು, ನಡಿ,” ಎಂದು ಅವನು ಅವಳ ಮಣಿಕಟ್ಟು ಹಿಡಿದ.